ನಪಾಸು ಎಂಬ ಮದ್ದು

“ಎಲ್ಲರನ್ನೂ ಪಾಸು ಮಾಡಿ ಮಾಡಿ ಸರಕಾರಿ ಶಾಲೆ ಹಾಳು ಮಾಡಿದರು.” ಈ ಮಾತು ಹೇಳದವರು ಈಗ ಯಾರಿದ್ದಾರೆ? ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಹೇಳುತ್ತಾರೆ. ತಾಲೂಕು ಕಚೇರಿಯ ಗುಮಾಸ್ತರು ಹೇಳುತ್ತಾರೆ. ಹೊಸ ಕೊಠಡಿ ಉದ್ಘಾಟಿಸಲು ಬಂದ ಶಾಸಕರು ಮೈಕು ಹಿಡಿದು ಹೇಳುತ್ತಾರೆ. ಶಿಕ್ಷಕರೇ ಹೇಳಿದಾಗ ನನಗೆ ಹೆಚ್ಚು ನೋವಾಗುತ್ತದೆ, ಏಕೆಂದರೆ ಧಾರವಾಡ ಸೀಮೆಯ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತೆರಡು ವರ್ಷ ಪಾಠ ಹೇಳಿದ ನಾನೂ ಬಹಳ ಕಾಲ ಇದನ್ನೇ ಹೇಳುತ್ತಿದ್ದೆ. ಸರಕಾರಿ ಶಾಲೆಯ ಬಹಳಷ್ಟು ಮಕ್ಕಳಿಗೆ ಓದಲು ಬರುತ್ತಿಲ್ಲ ಎಂಬುದು ನಿಜ, ಅದನ್ನು ಮುಚ್ಚಿಡುವವನು ನಾನಲ್ಲ. ಆದರೆ ಪಾಸು ಮಾಡಿದ್ದಕ್ಕೇ ಅವರಿಗೆ ಓದು ಬರಲಿಲ್ಲ, ನಪಾಸು ಮಾಡಿದರೆ ಬರುತ್ತದೆ ಎಂಬುದು ಶುದ್ಧ ಸುಳ್ಳು. ಆ ಸುಳ್ಳನ್ನು ನಂಬಿ ಕಾನೂನನ್ನೇ ತಿದ್ದಿದ್ದು ಬಡವರ ಮಕ್ಕಳಿಗೆ ಮಾಡಿದ ದ್ರೋಹ.

ಮೊದಲು ಕಾನೂನು ಹೇಳಿದ್ದೇನು ಎಂಬುದನ್ನು ನೋಡೋಣ. ಬೈಯುವವರಲ್ಲಿ ಅದನ್ನು ಓದಿದವರು ಕಡಿಮೆ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಎಂಟನೆಯ ತರಗತಿ ಮುಗಿಯುವ ತನಕ ಯಾವ ಮಗುವನ್ನೂ ಅದೇ ತರಗತಿಯಲ್ಲಿ ಉಳಿಸಿಕೊಳ್ಳಬಾರದು, ಶಾಲೆಯಿಂದ ಹೊರಹಾಕಬಾರದು ಎಂದು ಅದರ 16ನೆಯ ಕಲಂ ಹೇಳಿತು. ಜನರ ನೆನಪಿನಲ್ಲಿ ಉಳಿದದ್ದು ಇದೊಂದೇ. ಅದೇ ಕಾಯ್ದೆಯ 24ನೆಯ ಕಲಂ, ಪ್ರತಿ ಮಗು ಎಷ್ಟು ಕಲಿತಿದೆ ಎಂಬುದನ್ನು ಶಿಕ್ಷಕರು ಅಳೆಯಬೇಕು, ಹಿಂದೆ ಬಿದ್ದ ಮಗುವಿಗೆ ಹೆಚ್ಚುವರಿ ಪಾಠ ಹೇಳಬೇಕು ಎಂದಿತು. 25ನೆಯ ಕಲಂ ಇಷ್ಟು ಮಕ್ಕಳಿಗೆ ಇಷ್ಟು ಶಿಕ್ಷಕರು ಇರಲೇಬೇಕು ಎಂದಿತು. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರನ್ನು ಬಿಟ್ಟರೆ ಬೇರೆ ಯಾವ ಕೆಲಸಕ್ಕೂ ಶಿಕ್ಷಕರನ್ನು ಎಳೆಯಬಾರದು ಎಂದು 27ನೆಯ ಕಲಂ ಕಟ್ಟು ಹಾಕಿತು. 29ನೆಯ ಕಲಂ ವರ್ಷವಿಡೀ ನಡೆಯುವ ಮೌಲ್ಯಮಾಪನ ಕೇಳಿತು. ‘ಏನೂ ಬರದಿದ್ದರೂ ಮುಂದೆ ತಳ್ಳಿ’ ಎಂದು ಕಾಯ್ದೆಯಲ್ಲಿ ಎಲ್ಲಿಯೂ ಇರಲಿಲ್ಲ. ಮಗುವನ್ನು ತಡೆಯಬೇಡಿ, ಕಲಿಸಿ, ಕಲಿಸಲು ಬೇಕಾದದ್ದನ್ನು ಸರಕಾರ ಕೊಡಲಿ ಎಂದಿತ್ತು. ಐದು ಕಲಂಗಳಲ್ಲಿ ಪಾಲಿಸಲು ಒಂದು ಪೈಸೆಯೂ ಖರ್ಚಾಗದ್ದು 16ನೆಯದು ಮಾತ್ರ. ಸರಕಾರಗಳು ಅದೊಂದನ್ನು ಚಾಚೂ ತಪ್ಪದೆ ಪಾಲಿಸಿದವು. ದುಡ್ಡು, ಹುದ್ದೆ, ಮುತುವರ್ಜಿ ಬೇಡುವ ಉಳಿದ ನಾಲ್ಕನ್ನು ಮೂಲೆಗೆ ಎಸೆದವು. ಹತ್ತು ವರ್ಷ ಕಳೆಯುವ ಮೊದಲೇ, ‘ನೋಡಿ, ಈ ಕಾನೂನಿನಿಂದ ಮಕ್ಕಳು ಹಾಳಾದರು’ ಎಂದು ಪಾಲಿಸಿದ ಆ ಒಂದನ್ನೇ ಕಿತ್ತರು.

ಕಿತ್ತದ್ದು 2019ರಲ್ಲಿ. ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದು, 5 ಮತ್ತು 8ನೆಯ ತರಗತಿಯ ಕೊನೆಗೆ ಪರೀಕ್ಷೆ ಇರಲಿ, ಅದರಲ್ಲಿ ಬಿದ್ದವರಿಗೆ ಹೆಚ್ಚುವರಿ ಪಾಠ ಹೇಳಿ ಎರಡು ತಿಂಗಳೊಳಗೆ ಮತ್ತೊಂದು ಪರೀಕ್ಷೆ ಮಾಡಲಿ, ಆಗಲೂ ಬಿದ್ದರೆ ಅದೇ ತರಗತಿಯಲ್ಲಿ ಕೂರಿಸುವ ಬಗ್ಗೆ ಆಯಾ ಸರಕಾರ ತೀರ್ಮಾನಿಸಲಿ ಎಂದಿತು. ರಾಜ್ಯಗಳಿಗೆ ಆಯ್ಕೆ ಸಿಕ್ಕಿತು. ತಮಿಳುನಾಡು ತಡೆಯುವುದಿಲ್ಲ ಎಂದು ನಿಂತಿತು. ತನ್ನ ಅಧೀನದ ಶಾಲೆಗಳಲ್ಲಿ ಮಕ್ಕಳನ್ನು ತಡೆಯುವ ನಿಯಮವನ್ನು ಕೇಂದ್ರ 2024ರ ಡಿಸೆಂಬರಿನಲ್ಲಿ ಹೊರಡಿಸಿತು.

ಓದುವವರು ಆ ‘ಎರಡು ತಿಂಗಳ ಹೆಚ್ಚುವರಿ ಪಾಠ’ದ ಹತ್ತಿರ ಸ್ವಲ್ಪ ನಿಲ್ಲಬೇಕು. ದಿಲ್ಲಿಯಲ್ಲಿ ಕುಳಿತು ಬರೆದಾಗ ಅದು ದಯೆಯ ಮಾತಿನಂತೆ ಕಂಡಿರಬಹುದು. ನಮ್ಮಲ್ಲಿ ವಾರ್ಷಿಕ ಪರೀಕ್ಷೆ ಮುಗಿಯುವುದು ಮಾರ್ಚ್ ಕೊನೆಗೆ, ಫಲಿತಾಂಶ ಏಪ್ರಿಲ್ ಹತ್ತರ ಹೊತ್ತಿಗೆ. ಮರುದಿನದಿಂದ ಬೇಸಿಗೆ ರಜೆ. ಖಾಲಿ ಬಿದ್ದ ಹತ್ತಾರು ಸಾವಿರ ಹುದ್ದೆಗಳಲ್ಲಿ ಪಾಠ ಹೇಳುವವರು ಅತಿಥಿ ಶಿಕ್ಷಕರು. ತಿಂಗಳಿಗೆ ಹತ್ತು ಹನ್ನೆರಡು ಸಾವಿರ ಗೌರವಧನ, ಅದೂ ಶೈಕ್ಷಣಿಕ ವರ್ಷ ಮುಗಿಯುವ ತನಕ ಮಾತ್ರ. ರಜೆ ಬಂದರೆ ಅವರ ಕೆಲಸವೂ ಮುಗಿಯಿತು, ಸಂಬಳವೂ ನಿಂತಿತು. ಹಾಗಾದರೆ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಬಿದ್ದ ಮಗುವಿಗೆ ಪಾಠ ಹೇಳುವವರು ಯಾರು? ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ಆ ಹೊತ್ತಿಗೆ ಮಗು ಊರಿನಲ್ಲಿಯೇ ಇರುವುದಿಲ್ಲ, ಅಪ್ಪ ಅವ್ವನ ಜತೆ ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿರುತ್ತದೆ. ವರ್ಷದ ಇನ್ನೂರಕ್ಕೂ ಹೆಚ್ಚು ಶಾಲಾ ದಿನಗಳಲ್ಲಿ ಕಲಿಸಲಾಗದ್ದನ್ನು, ಶಿಕ್ಷಕರೂ ಮಗುವೂ ಇಲ್ಲದ ಎರಡು ತಿಂಗಳಲ್ಲಿ ಕಲಿಸುತ್ತೇವೆ ಎಂದು ಕಾಗದದಲ್ಲಿ ಬರೆದಿದ್ದೇವೆ.

ಇನ್ನು ನಮ್ಮ ರಾಜ್ಯ ನಡೆದುಕೊಂಡ ರೀತಿ. ಕೊರೊನಾದಿಂದ ಎರಡು ವರ್ಷ ಶಾಲೆ ಕೆಟ್ಟು ಕೂತಿದ್ದವು. 2022-23ನ್ನು ‘ಕಲಿಕಾ ಚೇತರಿಕೆ’ಯ ವರ್ಷ ಎಂದು ಸರಕಾರವೇ ಸಾರಿತು. ಹಿಂದಿನ ತರಗತಿಗಳಲ್ಲಿ ತಪ್ಪಿಹೋದದ್ದನ್ನು ಮೊದಲು ಕಲಿಸೋಣ ಎಂದು ಕಲಿಕಾ ಹಾಳೆಗಳನ್ನು ಅಚ್ಚು ಹಾಕಿಸಿ ಹಂಚಿತು. ಒಳ್ಳೆಯ ಕೆಲಸ. ನಾನು ಕಂಡ ಶಿಕ್ಷಕರು ಅದನ್ನು ಮನಸ್ಸಿಟ್ಟು ಮಾಡುತ್ತಿದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ, ಅಂದರೆ ಅರ್ಧ ವರ್ಷ ದಾಟಿದ ಮೇಲೆ, 5 ಮತ್ತು 8ನೆಯ ತರಗತಿಗೆ ಮಂಡಳಿಯ ಪ್ರಶ್ನೆಪತ್ರಿಕೆಯ ಪರೀಕ್ಷೆ ಎಂದು ಸುತ್ತೋಲೆ ಬಂತು. ಚೇತರಿಸಿಕೊಳ್ಳುತ್ತಿದ್ದ ರೋಗಿಯನ್ನು ಎಬ್ಬಿಸಿ ಓಟಕ್ಕೆ ನಿಲ್ಲಿಸಿದ ಹಾಗಾಯಿತು. 2023ರ ಮಾರ್ಚಿನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ರದ್ದು ಮಾಡಿತು, ಕೆಲವೇ ದಿನಗಳಲ್ಲಿ ವಿಭಾಗೀಯ ಪೀಠ ಒಪ್ಪಿಗೆ ಕೊಟ್ಟಿತು, 27ರಂದು ಪರೀಕ್ಷೆ ಶುರುವಾಯಿತು. ನಡುವೆ ಚುನಾವಣೆ ಬಂತು, ಪಕ್ಷ ಬದಲಾಯಿತು, ಮಂತ್ರಿ ಬದಲಾದರು. ನಂಬಿಕೆ ಮಾತ್ರ ಬದಲಾಗಲಿಲ್ಲ. ಹೊಸ ಸರಕಾರ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ 22ನೆಯ ಕಲಮಿನ ಹೆಸರಿನಲ್ಲಿ ಅಧಿಸೂಚನೆ ಹೊರಡಿಸಿ 5, 8ರ ಜತೆಗೆ 9 ಮತ್ತು 11ನ್ನೂ ಸೇರಿಸಿತು.

2024ರ ಮಾರ್ಚ್ 6ರಂದು ಏಕಸದಸ್ಯ ಪೀಠ ಆ ಅಧಿಸೂಚನೆಯನ್ನು ರದ್ದು ಮಾಡಿತು. ಮರುದಿನ ವಿಭಾಗೀಯ ಪೀಠ ಆ ತೀರ್ಪಿಗೆ ತಡೆ ಕೊಟ್ಟಿತು. 11ರಂದು ಹತ್ತು ವರ್ಷದ ಮಕ್ಕಳು ಪರೀಕ್ಷೆಗೆ ಕೂತರು. 12ರಂದು ಸುಪ್ರೀಂ ಕೋರ್ಟ್ ಆ ತಡೆಯನ್ನು ತೆಗೆಯಿತು, ಪರೀಕ್ಷೆ ನಡುವೆಯೇ ನಿಂತಿತು. 22ರಂದು ವಿಭಾಗೀಯ ಪೀಠ ಮತ್ತೆ ಒಪ್ಪಿತು, 25ರಿಂದ ಉಳಿದ ಪತ್ರಿಕೆ. ಏಪ್ರಿಲ್ 8ರಂದು, ಫಲಿತಾಂಶ ಹೊರಬೀಳಬೇಕಿದ್ದ ದಿನವೇ, ಸುಪ್ರೀಂ ಕೋರ್ಟ್ ಅದನ್ನು ತಡೆಹಿಡಿಯಿತು. ಆ ದಿನಗಳಲ್ಲಿ ನಮ್ಮ ಮನೆಯ ಎದುರಿನ ಐದನೆಯ ತರಗತಿಯ ಹುಡುಗಿ ದಿನಾ ಸಂಜೆ ಪ್ಯಾಡು ಹಿಡಿದು ಕಟ್ಟೆಗೆ ಬಂದು, “ಅಜ್ಜಾ, ನಾಳೆ ಪರೀಕ್ಷೆ ಐತೋ ಇಲ್ಲೋ?” ಎಂದು ಕೇಳುತ್ತಿದ್ದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳ ಶಾಲೆಯ ಹೆಡ್ ಮಾಸ್ಟರ ಹತ್ತಿರವೂ ಇರಲಿಲ್ಲ. ಶಿಸ್ತು ಕಲಿಸುತ್ತೇವೆ ಎಂದು ಹೊರಟವರು ಮಕ್ಕಳಿಗೆ ತೋರಿಸಿದ ಶಿಸ್ತು ಇದು.

ಕೇಳಿದಾಗಲೆಲ್ಲ ಸರಕಾರ, ‘ಯಾರನ್ನೂ ನಪಾಸು ಮಾಡುವುದಿಲ್ಲ, ಕಲಿಕೆಯ ಮಟ್ಟ ತಿಳಿಯಲಿಕ್ಕೆ ಮಾತ್ರ’ ಎನ್ನುತ್ತಿತ್ತು. ಮಟ್ಟ ತಿಳಿಯಲು ಲಕ್ಷಾಂತರ ಮಕ್ಕಳನ್ನು ಕೂರಿಸಬೇಕೇ? ಅನ್ನ ಬೆಂದಿದೆಯೇ ಎಂದು ನೋಡಲು ನಾಲ್ಕು ಅಗುಳು ಹಿಚುಕಿದರೆ ಸಾಕು. ರಾಷ್ಟ್ರೀಯ ಸಾಧನಾ ಸಮೀಕ್ಷೆ ಹಾಗೆ ಮಾದರಿ ಆಯ್ದು ಮಾಡುವಂಥದೇ. ನಪಾಸು ಮಾಡುವುದಿಲ್ಲ ಎಂಬ ಆ ಮಾತು ಮಕ್ಕಳ ಮನೆ ಮುಟ್ಟಲೂ ಇಲ್ಲ. ಬೋರ್ಡ್ ಪರೀಕ್ಷೆ ಎಂದ ಕೂಡಲೇ ಪೇಟೆಯಲ್ಲಿ ಐದನೆಯ ತರಗತಿಗೂ ಗೈಡು ಬಂತು, ಟ್ಯೂಶನ್ ಬೋರ್ಡು ಬಂತು. ಇನ್ನೊಂದು ಸಂಗತಿ: ಕೋರ್ಟಿಗೆ ಹೋದವರು ಅನುದಾನರಹಿತ ಶಾಲೆಗಳ ಸಂಘಟನೆಗಳು. ಅವರ ಕಾರಣಗಳು ಅವರವು. ಸರಕಾರಿ ಶಾಲೆಯ ಮಕ್ಕಳ ಪರವಾಗಿ ಕೇಳುವವರು ಅಲ್ಲಿ ಕಾಣಲಿಲ್ಲ. ಏಕಸದಸ್ಯ ಪೀಠ ಎತ್ತಿದ ಪ್ರಶ್ನೆ ಮಾತ್ರ ನಮ್ಮೆಲ್ಲರದು. ಇಷ್ಟು ದೊಡ್ಡ ಬದಲಾವಣೆಯನ್ನು ನಿಯಮ ರೂಪಿಸುವ ಕ್ರಮದಂತೆ ತರದೆ, ಸದನದ ಮುಂದೆ ಇಡದೆ, ಒಂದು ಅಧಿಸೂಚನೆಯಲ್ಲಿ ಮುಗಿಸಬಹುದೇ? ನಮ್ಮ ಮಕ್ಕಳ ಹಣೆಬರಹ ಬದಲಿಸುವವರು ನಮ್ಮ ಶಾಸಕರ ಎದುರು ಬಂದು ವಾದಿಸಬೇಕಾದಷ್ಟಾದರೂ ಮರ್ಯಾದೆ ಆ ಮಕ್ಕಳಿಗೆ ಇಲ್ಲವೇ?

ನಪಾಸಿನ ಪರ ಮಾತಾಡುವ ಹಿರಿಯರು ನಮ್ಮ ಕಡೆ ಮುಲ್ಕಿ ಪರೀಕ್ಷೆಯನ್ನು ನೆನೆಯುತ್ತಾರೆ. ಏಳನೆಯ ಇಯತ್ತೆಯ ಮುಲ್ಕಿ ಪಾಸಾದವರು ಮಾಸ್ತರರಾಗುತ್ತಿದ್ದರು, ಅವರ ಅಕ್ಷರ ಮುತ್ತಿನಂತಿರುತ್ತಿತ್ತು, ಲೆಕ್ಕ ಬಾಯಲ್ಲೇ ಇರುತ್ತಿತ್ತು. ಎಲ್ಲ ನಿಜ. ಆದರೆ ಇದನ್ನು ಹೇಳುವವರು ಮುಲ್ಕಿ ಪಾಸಾದವರು, ಇಲ್ಲವೇ ಅವರ ಮಕ್ಕಳು. ಅವರ ಜತೆ ಒಂದನೆಯ ಇಯತ್ತೆಗೆ ಸೇರಿ ಏಳನ್ನು ಮುಟ್ಟದವರು, ಮುಟ್ಟಿ ಬಿದ್ದವರು ಈ ಮಾತುಕತೆಯಲ್ಲಿ ಇಲ್ಲ. ಅವರು ಹೊಲದಲ್ಲಿ ಸವೆದರು, ಹಲವರು ತೀರಿಕೊಂಡೂ ಹೋದರು. ದಡ ಮುಟ್ಟಿದವರನ್ನಷ್ಟೇ ಕೇಳಿದರೆ ಹೊಳೆ ಬಹಳ ಒಳ್ಳೆಯದು ಎಂದೇ ಹೇಳುತ್ತಾರೆ.

ನನಗೆ ಏಪ್ರಿಲ್ ಹತ್ತು ಬಂದರೆ ಇವತ್ತಿಗೂ ಸಂಕಟವಾಗುತ್ತದೆ. ಏಳನೆಯ ತರಗತಿಗೆ ಪಬ್ಲಿಕ್ ಪರೀಕ್ಷೆ ಇದ್ದ ಕಾಲದಲ್ಲಿ ಅದು ಫಲಿತಾಂಶದ ದಿನ. ಬೆಳಿಗ್ಗೆ ಫಲಿತಾಂಶದ ಹಾಳೆಯನ್ನು ಬಾಗಿಲ ಪಕ್ಕದ ಹಲಗೆಗೆ ಅಂಟಿಸುತ್ತಿದ್ದೆವು. ಪಾಸಾದ ಮಕ್ಕಳು ಮಾಸ್ತರರಿಗೆ ಸಕ್ಕರೆ ಕೊಡುವುದು ರೂಢಿ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹುಡುಗ ಒಗೆದ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ, ಕಾಗದದ ಪೊಟ್ಟಣದಲ್ಲಿ ಸಕ್ಕರೆ ಕಟ್ಟಿಸಿಕೊಂಡು ಬಂದಿದ್ದ. ಹಾಳೆಯಲ್ಲಿ ಮೇಲಿಂದ ಕೆಳಗೆ ಎರಡು ಸಲ ಬೆರಳಾಡಿಸಿದ. ಆಮೇಲೆ ಒಳಗೆ ಬಂದು, ಏನೂ ಮಾತಾಡದೆ, ಪೊಟ್ಟಣವನ್ನು ನನ್ನ ಮೇಜಿನ ಮೇಲಿಟ್ಟು ಹೊರಟುಹೋದ. ಜೂನಿನಲ್ಲಿ ಅವನು ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಕೆಲವು ತಿಂಗಳು ಹೆಸರು ಇತ್ತು, ಆಮೇಲೆ ನಾನೇ ಗೆರೆ ಎಳೆದೆ. ಹದಿನೆಂಟು ಇಪ್ಪತ್ತು ವರ್ಷದ ಮೇಲೆ ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಹಮಾಲನೊಬ್ಬ ಚೀಲ ಇಳಿಸಿ ಬಂದು ಕೈ ಮುಗಿದ. ಗುರುತು ಹತ್ತಲಿಲ್ಲ. “ನಾನ್ರಿ ಸರ, ಏಳನೇತ್ತೆದಾಗ ಫೇಲಾಗಿದ್ನಲ್ರಿ, ಅವ” ಎಂದ. ಅಪ್ಪನ ಹೆಸರು ಹೇಳಲಿಲ್ಲ, ಓಣಿಯ ಹೆಸರು ಹೇಳಲಿಲ್ಲ. ನಾವು ಅಂಟಿಸಿದ ಆ ಹಾಳೆಯನ್ನು ಅವನು ಅಷ್ಟು ವರ್ಷ ಹೊತ್ತುಕೊಂಡೇ ತಿರುಗಿದ್ದ. ಅವನು ಇಂಗ್ಲಿಷಿನಲ್ಲಿ ಬಿದ್ದಿದ್ದ. ಆ ಶಾಲೆಯಲ್ಲಿ ಆ ವರ್ಷ ಇಂಗ್ಲಿಷ್ ಕಲಿಸುವವರೇ ಇರಲಿಲ್ಲ.

ನಪಾಸಾದ ಮಗುವಿಗೆ ನಾವು ಕೊಡುವ ಚಿಕಿತ್ಸೆಯಾದರೂ ಏನು? ಅದೇ ಶಾಲೆ, ಅದೇ ಪುಸ್ತಕ, ಬಹಳ ಸಲ ಅದೇ ಶಿಕ್ಷಕ, ಅದೇ ಪಾಠ ಮತ್ತೊಂದು ವರ್ಷ. ಹೊಸದು ಒಂದೇ: ಗೆಳೆಯರು ಮುಂದೆ ಹೋಗಿದ್ದಾರೆ, ಪಕ್ಕದಲ್ಲಿ ತನಗಿಂತ ಚಿಕ್ಕವರು ಕೂತಿದ್ದಾರೆ, ಅವರು ಇವನನ್ನು ಢುಮ್ಕಿ ಎಂದು ಕರೆಯುತ್ತಾರೆ. ಮೊದಲ ಸಲ ಫಲಿಸದ ಮದ್ದನ್ನೇ ಅವಮಾನ ಬೆರೆಸಿ ಎರಡನೆಯ ಸಲ ಕುಡಿಸಿದರೆ ರೋಗ ಹೋಗುವುದು ಹೇಗೆ?

ಇದಕ್ಕೆ ಗಟ್ಟಿಯಾದ ಒಂದು ಎದುರುವಾದ ಉಂಟು. ಅದನ್ನು ಹೇಳುವವರು ಹೈಸ್ಕೂಲು ಶಿಕ್ಷಕರು. ‘ಎಂಟು, ಒಂಬತ್ತಕ್ಕೆ ಬರುವ ಮಕ್ಕಳಿಗೆ ಒತ್ತಕ್ಷರ ಓದಲು ಬರುವುದಿಲ್ಲ, ಭಾಗಾಕಾರ ಬರುವುದಿಲ್ಲ, ಅವರನ್ನು ಎಸೆಸೆಲ್ಸಿಗೆ ನಾವು ಹೇಗೆ ತಯಾರು ಮಾಡಬೇಕು?’ ಅವರ ಕಷ್ಟ ಸುಳ್ಳಲ್ಲ. ಆದರೆ ಈ ರೋಗ 2010ರಲ್ಲಿ ಹುಟ್ಟಿದ್ದಲ್ಲ. ಹಳ್ಳಿಗಳಲ್ಲಿ ಮಕ್ಕಳ ಓದನ್ನು ಅಳೆಯುವ ಅಸರ್ ಸಮೀಕ್ಷೆ ಶುರುವಾದದ್ದು 2005ರಲ್ಲಿ, ಈ ಕಾಯ್ದೆಗೆ ಐದು ವರ್ಷ ಮೊದಲು. ದೇಶದಲ್ಲಿ ಐದನೆಯ ತರಗತಿಯ ಹತ್ತಿರ ಹತ್ತಿರ ಅರ್ಧದಷ್ಟು ಮಕ್ಕಳು ಎರಡನೆಯ ತರಗತಿಯ ಪಾಠ ಓದಲಾರರು ಎಂದು ಅದು ಆ ಮೊದಲ ವರ್ಷಗಳಲ್ಲಿಯೇ ಹೇಳುತ್ತಿತ್ತು. ಕಾಯ್ದೆ ಬಂದ ಮೇಲಿನ ವರ್ಷಗಳಲ್ಲಿ ಮಕ್ಕಳ ಓದು ಇನ್ನಷ್ಟು ಕುಸಿಯಿತು ಎಂಬುದನ್ನೂ ಒಪ್ಪುತ್ತೇನೆ. ಆಗ ಶಾಲೆಯ ಒಳಗೆ ಏನು ನಡೆಯಿತು ಎಂದು ಕಂಡವನು ನಾನು. ವರ್ಷವಿಡೀ ನಡೆಯಬೇಕಾದ ಮೌಲ್ಯಮಾಪನ ಎಫ್.ಎ. ಒಂದು, ಎರಡು, ಮೂರು, ನಾಲ್ಕು, ಎಸ್.ಎ. ಒಂದು, ಎರಡು ಎಂದು ಕಾಗದದ ಗಂಟಾಯಿತು. ಮಗು ಎಲ್ಲಿ ಎಡವಿತು ಎಂದು ನೋಡಲಿಕ್ಕೆ ಇದ್ದ ನಮೂನೆಗಳನ್ನು ಮಾರ್ಚ್ ತಿಂಗಳಲ್ಲಿ ಒಂದೇ ಕೂತಿಗೆ, ಒಂದೇ ಪೆನ್ನಿನಲ್ಲಿ ತುಂಬಿ ಮುಗಿಸಿದೆವು. ತಪಾಸಣೆಗೆ ಬಂದವರು ಕೇಳಿದ್ದು ನಮೂನೆ ತುಂಬಿದೆಯೇ ಎಂದು. ಒಂದು ಮಗುವನ್ನು ಕರೆದು ಓದಿಸಿ ನೋಡಿದವರು ನನ್ನ ಸೇವೆಯಲ್ಲಿ ಬೆರಳೆಣಿಕೆಯಷ್ಟು ಮಂದಿ.

ಕಲಿಸುವ ಕೈಗಳನ್ನಂತೂ ಯಾವ ಸರಕಾರವೂ ಶಾಲೆಯಲ್ಲಿ ಬಿಡಲಿಲ್ಲ. ಮತಗಟ್ಟೆ ಅಧಿಕಾರಿ ಕೆಲಸ, ಮೊಟ್ಟೆ-ಬಾಳೆಹಣ್ಣಿನ ಲೆಕ್ಕ, ಆನ್‌ಲೈನಿನಲ್ಲಿ ತುಂಬಬೇಕಾದ ಮಾಹಿತಿ. 2025ರ ಸೆಪ್ಟೆಂಬರ್ 22ರಿಂದ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನೇ ಮನೆ ಮನೆಗೆ ಕಳುಹಿಸಿದರು. ಕೆಲಸ ಮುಗಿಯಲಿಲ್ಲವೆಂದು ಸರಕಾರಿ, ಅನುದಾನಿತ ಶಾಲೆಗಳ ದಸರೆ ರಜೆಯನ್ನು ಅಕ್ಟೋಬರ್ 18ರ ತನಕ ಎಳೆದರು. ಸಮೀಕ್ಷೆ ಬೇಡವೆಂದು ನಾನು ಹೇಳುವುದಿಲ್ಲ. 27ನೆಯ ಕಲಮಿನ ಪಟ್ಟಿಯಲ್ಲಿ ಅದು ಇಲ್ಲ ಎಂದಷ್ಟೇ ಹೇಳುತ್ತೇನೆ. ಕಾಯ್ದೆಯನ್ನು ಸರಕಾರ ಮುರಿದರೆ ರಜೆ ವಿಸ್ತರಣೆ, ಮಗುವಿಗೆ ಭಾಗಾಕಾರ ಬರದಿದ್ದರೆ ನಪಾಸು.

ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿ-ಕಲಿಯನ್ನು ನೋಡಿ. ಅಲ್ಲಿ ಒಂದು ಕಲಿಕಾ ಏಣಿ, ಏಣಿಯ ಉದ್ದಕ್ಕೂ ಮೈಲಿಗಲ್ಲುಗಳು. ಮಗು ತನ್ನ ಮೆಟ್ಟಿಲಿನ ಕಾರ್ಡು ತೆಗೆದುಕೊಂಡು ತನ್ನ ತಟ್ಟೆಯ ಗುಂಪಿನಲ್ಲಿ ಕೂರುತ್ತದೆ. ಒಂದು ತಟ್ಟೆಗೆ ಶಿಕ್ಷಕರ ಪೂರ್ತಿ ಸಹಾಯ, ಇನ್ನೊಂದಕ್ಕೆ ಗೆಳೆಯರ ಸಹಾಯ, ಮತ್ತೊಂದರಲ್ಲಿ ಮಗು ತಾನೇ ಕಲಿಯುತ್ತದೆ. ಹದಿನೈದು ದಿನ ಜ್ವರ ಬಂದು ಮಲಗಿದ ಮಗು ಮರಳಿ ಬಂದರೆ ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತದೆ. ಅದನ್ನು ಪಾಸೂ ಮಾಡಬೇಕಾಗಿಲ್ಲ, ನಪಾಸೂ ಮಾಡಬೇಕಾಗಿಲ್ಲ. ಎಲ್ಲಿದೆ ಎಂಬುದು ಗೋಡೆಯ ಪ್ರಗತಿ ನೋಟದಲ್ಲಿಯೇ ಕಾಣುತ್ತದೆ. ಈ ಪದ್ಧತಿಗೂ ಕೊರತೆಗಳಿವೆ. ಕಾರ್ಡು ಹರಿದು ಹೋಗುತ್ತವೆ, ಮಕ್ಕಳು ಹೆಚ್ಚಾದರೆ ಕೈ ಮೀರುತ್ತದೆ. ಆದರೆ ಇದನ್ನು ರೂಪಿಸಿದವರು ನಮ್ಮದೇ ಸರಕಾರಿ ಶಾಲೆಯ ಶಿಕ್ಷಕರು, ಮಗು ಎಲ್ಲಿದೆಯೋ ಅಲ್ಲಿಂದ ಕಲಿಸಬಹುದು ಎಂದು ಮಾಡಿ ತೋರಿಸಿದರು. ಅದನ್ನು ಮೂರನೆಯ ತರಗತಿಗೆ ನಿಲ್ಲಿಸಿ, ನಾಲ್ಕರಿಂದ ಎಲ್ಲರಿಗೂ ಒಂದೇ ಪುಟ ತೆರೆದವರು ನಾವು.

ಭಯವಿಲ್ಲದಿದ್ದರೆ ಮಕ್ಕಳು ಓದುವುದಿಲ್ಲ ಎನ್ನುತ್ತಾರೆ. ಎಸೆಸೆಲ್ಸಿಯಲ್ಲಿ ಭಯಕ್ಕೆ ಕೊರತೆ ಇತ್ತೇ? 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು, ನಕಲು ನಿಂತಿತು, ಫಲಿತಾಂಶ ಕುಸಿಯಿತು. ಶೇಕಡಾ 20ರಷ್ಟು ಕೃಪಾಂಕ ಸೇರಿಸಿದ ಮೇಲೆ ಅದು 73.40ಕ್ಕೆ ಬಂದು ನಿಂತಿತು. ಅಲ್ಲಿ ಪರೀಕ್ಷೆಯೂ ಇತ್ತು, ಭಯವೂ ಇತ್ತು, ಕಲಿಕೆ ಇರಲಿಲ್ಲ. ಅದೇ ವರ್ಷದಿಂದ ಎಸೆಸೆಲ್ಸಿ ಮಕ್ಕಳಿಗೆ ಪರೀಕ್ಷೆ-1, 2, 3 ಎಂದು ಮೂರು ಅವಕಾಶ ಕೊಟ್ಟು, ಫೇಲೆಂಬ ಕಳಂಕ ಮಗುವಿಗೆ ಅಂಟಬಾರದು ಎಂದು ಇಲಾಖೆಯೇ ಒಪ್ಪಿಕೊಂಡಿತು. ಒಳ್ಳೆಯದಾಯಿತು. ಹದಿನಾರು ವರ್ಷದವರಿಗೆ ಅಂಟಬಾರದ ಕಳಂಕ ಹತ್ತು ವರ್ಷದವರಿಗೆ ಹೇಗೆ ಒಳ್ಳೆಯದಾಯಿತು?

ಎರಡು ವರ್ಷದ ಹಿಂದೆ ರಾಯಚೂರು ಕಡೆಯ ಒಂದು ಶಾಲೆಗೆ ಹೋಗಿದ್ದೆ. ಹಳೆಯ ಗೆಳೆಯರು ಅಲ್ಲಿ ಮುಖ್ಯ ಶಿಕ್ಷಕರು. ಐದನೆಯ ತರಗತಿಯ ಹಾಜರಿ ಪುಸ್ತಕ ತೆರೆದು ಒಬ್ಬ ಹುಡುಗಿಯ ಸಾಲು ತೋರಿಸಿದರು. ಜೂನಿನಿಂದ ಅಕ್ಟೋಬರಿನ ತನಕ ಒಂದು ದಿನವೂ ತಪ್ಪಿಲ್ಲ. ನವೆಂಬರ್, ಡಿಸೆಂಬರ್, ಜನವರಿ ಪೂರಾ ಗೈರು. ಹತ್ತಿ ಬಿಡಿಸುವ ತಿಂಗಳುಗಳು. ಆ ತರಗತಿಗೆ ಖಾಯಂ ಶಿಕ್ಷಕರಿಲ್ಲ, ಅತಿಥಿ ಶಿಕ್ಷಕಿ ಬಂದದ್ದೂ ತಡವಾಗಿ. ಹುಡುಗಿಯನ್ನು ಕರೆಸಿ ಮಾತಾಡಿಸಿದೆ. ಅವ್ವ, ನೀನು ಕೂಡಿ ದಿನಕ್ಕೆ ಎಷ್ಟು ಬಿಡಿಸುತ್ತಿದ್ದಿರಿ ಎಂದೆ. “ಇಪ್ಪತ್ತೆಂಟು ಕಿಲೋರಿ. ಹನ್ನೆರಡರಂಗ ಮುನ್ನೂರ ಮೂವತ್ತಾರು” ಎಂದು ಕೂಡಲೇ ಹೇಳಿದಳು. ಹಲಗೆಯ ಮೇಲೆ ಅದೇ ಗುಣಾಕಾರ ಬರೆದುಕೊಟ್ಟೆ. ಸೀಮೆಸುಣ್ಣ ಹಿಡಿದು ತಲೆ ತಗ್ಗಿಸಿ ನಿಂತಳು. ಹೊರಗೆ ಕಾದಿದ್ದ ಅವಳ ಅವ್ವ ಒಳಗೆ ಬಂದು, “ಸರ, ಫೇಲ್ ಮಾಡಿಬಿಡ್ರಿ, ಅಂದ್ರ ಬುದ್ಧಿ ಬರ್ತೈತಿ” ಅಂದಳು. ನಾವೆಲ್ಲ ಸೇರಿ ಹರಡಿದ ಆ ನಂಬಿಕೆ ಅವಳ ಬಾಯಿಗೂ ಬಂದಿತ್ತು. ಮಗಳ ತಪ್ಪು ಎಂದೇ ಅವಳು ತಿಳಿದಿದ್ದಳು.

ಮುಂದೆ ಯಾವ ಸರಕಾರವಾದರೂ ನಪಾಸಿನ ನಿಯಮವನ್ನು ತರಲೇಬೇಕು ಎಂದಿದ್ದರೆ ಸುತ್ತೋಲೆಯಲ್ಲಿ ತರಬೇಡಿ, ವಿಧಾನಸಭೆಯ ಮುಂದೆ ತನ್ನಿ. ತರುವಾಗ ಅಂಕಪಟ್ಟಿಯ ನಮೂನೆಯಲ್ಲಿ ಮಗುವಿನ ಅಂಕಗಳ ಮೇಲೆ ಮೂರು ಸಾಲು ಸೇರಿಸಿ. ಈ ತರಗತಿಗೆ ಖಾಯಂ ಶಿಕ್ಷಕರು ವರ್ಷದಲ್ಲಿ ಎಷ್ಟು ದಿನ ಇದ್ದರು. ಅವರನ್ನು ಪಾಠ ಬಿಡಿಸಿ ಬೇರೆ ಕೆಲಸಕ್ಕೆ ಎಷ್ಟು ದಿನ ಕಳುಹಿಸಲಾಯಿತು. ಮಗು ಹಿಂದೆ ಬಿದ್ದಿದೆ ಎಂದು ಗೊತ್ತಾದ ದಿನದಿಂದ ಅದಕ್ಕೆ ಹೆಚ್ಚುವರಿ ಪಾಠ ಎಷ್ಟು ಗಂಟೆ ಸಿಕ್ಕಿತು. ಬಿ.ಇ.ಓ. ಅವರು ಆ ಮೂರು ಸಾಲಿಗೆ ಮೊದಲು ಸಹಿ ಹಾಕಲಿ. ಆಮೇಲೆ ಆ ರಾಯಚೂರಿನ ಹುಡುಗಿಯ ಹೆಸರಿನ ಮುಂದೆ ಏನು ಬರೆಯಬೇಕೆಂದು ಅವಳ ಅವ್ವನ ಎದುರಿಗೇ ತೀರ್ಮಾನಿಸಲಿ.